ಬಿಚ್ಚಿ ಕೂಡಿಸುವ ಸುಖ

ಯಂತ್ರಗಳಲ್ಲಿ ಸೈಕಲ್ಲಿನಷ್ಟು ನಿಸ್ಸಂಕೋಚದ್ದು ಇನ್ನೊಂದಿಲ್ಲ. ಕಾರು ತನ್ನ ಹೊಟ್ಟೆಯ ಗುಟ್ಟನ್ನೆಲ್ಲ ಬಾನೆಟ್ಟಿನ ಕೆಳಗೆ ಮುಚ್ಚಿಟ್ಟುಕೊಳ್ಳುತ್ತದೆ. ಸ್ಕೂಟರು ಪಕ್ಕೆಗಳಿಗೆ ತಗಡು ಹೊದ್ದು ಸಭ್ಯವಾಗಿ ನಿಲ್ಲುತ್ತದೆ. ಮೊಬೈಲಿನ ಮಾತಂತೂ ಬೇಡ, ಅದರ ಬೆನ್ನು ಬಿಚ್ಚಿದರೆ ಗ್ಯಾರಂಟಿಯೇ ಹೋಯಿತು. ಸೈಕಲ್ಲು ಮಾತ್ರ ಹಲ್ಲು, ಚೈನು, ಕಡ್ಡಿ, ಸ್ಪ್ರಿಂಗು ಎಲ್ಲವನ್ನೂ ಬಯಲಿಗಿಟ್ಟುಕೊಂಡೇ ಊರೆಲ್ಲ ಸುತ್ತುತ್ತದೆ. ಕಿರುಗುಟ್ಟಿದ ಕಡೆ ಬಗ್ಗಿ ನೋಡಿದರಾಯಿತು, ಕಾರಣ ಕಣ್ಣಿಗೇ ಬೀಳುತ್ತದೆ. ಹತ್ತು ವರ್ಷದ ಹುಡುಗನೂ ಚೈನು ಕಳಚಿದರೆ ಕಡ್ಡಿಯೊಂದನ್ನು ಹುಡುಕಿ ಅದನ್ನು ಹಲ್ಲಿಗೆ ಏರಿಸುತ್ತಾನೆ, ಕೈಗಂಟಿದ ಕರಿಯನ್ನು ಚಡ್ಡಿಗೆ ಒರೆಸಿಕೊಂಡು ಮನೆಯಲ್ಲಿ ಬೈಸಿಕೊಳ್ಳುತ್ತಾನೆ. ಸವಾರ ಬೇರೆ, ಮೇಸ್ತ್ರಿ ಬೇರೆ ಎಂಬ ಭೇದ ಸೈಕಲ್ಲಿಗೆ ಇವತ್ತಿಗೂ ಪೂರ್ತಿ ಒಗ್ಗಿಲ್ಲ.

ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದ ನನಗೆ ಇಲ್ಲಿಯ ಹಿರಿಯರು ಊರನ್ನು ಪರಿಚಯಿಸಿದ್ದು ‘ಸೈಕಲ್ಲಿನ ಊರು’ ಎಂದೇ. ಹೇಳುವಾಗ ಅವರ ಮುಖದಲ್ಲಿ ಪೇಶ್ವೆಯರ ಬಗ್ಗೆ ಹೇಳುವಾಗಿನ ಕಳೆಯೇ ಇರುತ್ತಿತ್ತು. ಊರಿನ ನೆಲವೂ ಇದಕ್ಕೆ ಒದಗಿಬಂದಿದೆ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರ, ಹದವಾದ ಹವೆ, ಗುಡ್ಡಗಳೆಲ್ಲ ಅಂಚಿಗೆ ಸರಿದು ನಡುವೆ ಮುಳಾ-ಮುಠಾ ನದಿಗಳ ಸಮತಟ್ಟು. ನಮ್ಮ ಧಾರವಾಡದ ಏರಿಳಿತಗಳಲ್ಲಿ ಅರ್ಧ ದಾರಿ ಸೈಕಲ್ಲು ನಮ್ಮನ್ನು ಹೊತ್ತರೆ ಇನ್ನರ್ಧ ನಾವು ಸೈಕಲ್ಲನ್ನು ತಳ್ಳಬೇಕು. ಇಲ್ಲಿ ಹಾಗಲ್ಲ. 1869ರಲ್ಲಿ ಆರಂಭವಾದ ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಭೋಂಗಾ ಕೂಗಿದರೆ ರಸ್ತೆ ತುಂಬ ಸೈಕಲ್ಲು. ಕಾಲೇಜು ಬಿಟ್ಟರೆ ಲಕಡಿ ಪುಲ್ ತುಂಬ ಸೈಕಲ್ಲು. ಪ್ರೊಫೆಸರರು ಪಂಚೆಯ ಅಂಚನ್ನು ಕ್ಲಿಪ್ಪಿನಿಂದ ಬಿಗಿದು, ಹುಡುಗಿಯರು ಎರಡು ಜಡೆ ಹಾರಿಸುತ್ತ, ಹಾಲಿನವನು ಎರಡೂ ಕಡೆ ಕ್ಯಾನು ತೂಗುಹಾಕಿಕೊಂಡು ಹೋಗುತ್ತಿದ್ದರಂತೆ. ಡಬಲ್‌ಸೀಟ್ ಹೋದರೆ ಪೋಲೀಸ್, ರಾತ್ರಿ ದೀಪವಿಲ್ಲದೆ ಹೋದರೂ ಪೋಲೀಸ್. ಪೋಲೀಸ್ ಕಂಡ ಕೂಡಲೇ ಕ್ಯಾರಿಯರಿನಿಂದ ಹಾರಿ ಏನೂ ಅರಿಯದವರಂತೆ ಪಕ್ಕದಲ್ಲಿ ನಡೆಯುವ ಕಲೆಯಲ್ಲಿ ಪುಣೆಯವರಿಗೂ ಧಾರವಾಡದವರಿಗೂ ಹೆಚ್ಚು ವ್ಯತ್ಯಾಸ ಇದ್ದಂತಿಲ್ಲ. ಫರ್ಗ್ಯೂಸನ್ ಕಾಲೇಜಿನಲ್ಲಿ ಓದುತ್ತಿದ್ದ ನಮ್ಮ ಬೇಂದ್ರೆಯವರು ಇಲ್ಲಿ ಸೈಕಲ್ಲು ತುಳಿದಿದ್ದರೋ ಇಲ್ಲವೋ ಎಂದು ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಸುಮ್ಮನೆ ಯೋಚಿಸುತ್ತೇನೆ.

ಆ ವೈಭವಕ್ಕೆ ಕುತ್ತು ಬಂದದ್ದು ಹೊರಗಿನಿಂದಲ್ಲ, ಊರ ಒಳಗಿನಿಂದಲೇ. 1972ರಲ್ಲಿ ಬಜಾಜ್ ಚೇತಕ್ ಬಂತು, ಅದೇ ವರ್ಷ ಕೈನೆಟಿಕ್‌ನವರ ಲೂನಾ ಬಂತು. ಎರಡಕ್ಕೂ ಪುಣೆಯೇ ತವರು. ಚೇತಕ್‌ಗೆ ವರ್ಷಗಟ್ಟಲೆ ಸರತಿ ಕಾಯಬೇಕಿತ್ತು. ಕಾಯಲಾರದವರಿಗೆ ಲೂನಾ. ಪೆಡಲೂ ಇದ್ದು ಎಂಜಿನ್ನೂ ಇದ್ದ ಆ ಅರ್ಧ ಸೈಕಲ್ಲು ಜನರನ್ನು ಪೂರ್ತಿ ಸೈಕಲ್ಲಿನಿಂದ ಮೆಲ್ಲಗೆ ಇಳಿಸಿಕೊಂಡು ಹೋಯಿತು. ‘ಯುಗಾಂತ’ ಬರೆದ ಇರಾವತಿ ಕರ್ವೆಯವರು ಅದಕ್ಕೂ ಎಷ್ಟೋ ಮೊದಲೇ ಸ್ಕೂಟರು ಏರಿ ಪುಣೆಯ ಕಣ್ಣರಳಿಸಿದ್ದರು. ಆಮೇಲಾಮೇಲೆ ಊರಿಗೆ ಊರೇ ಅವರ ಹಿಂದೆ ಹೊರಟಿತು. ಇವತ್ತು ಲಕಡಿ ಪುಲ್ ಮೇಲೆ ನಿಂತರೆ ಸೈಕಲ್ಲನ್ನು ಹುಡುಕಿ ನೋಡಬೇಕು.

ಮಹಾನಗರಪಾಲಿಕೆಗೂ ಇದು ಚುಚ್ಚಿರಬೇಕು. ಈ ಶತಮಾನದ ಮೊದಲ ದಶಕದಲ್ಲಿ ಹಲವು ರಸ್ತೆಗಳ ಅಂಚಿಗೆ ಸೈಕಲ್ ಟ್ರ್ಯಾಕ್ ಹಾಕಿಸಿತು. 2017ರಲ್ಲಿ 800 ಕಿ.ಮೀ.ಗೂ ಮಿಕ್ಕಿದ ಸೈಕಲ್ ಜಾಲದ ದೊಡ್ಡ ಯೋಜನೆಯನ್ನೇ ಒಪ್ಪಿತು. ಇರುವ ಟ್ರ್ಯಾಕುಗಳಲ್ಲಿ ಭೇಳ್ ಗಾಡಿ, ನಿಂತ ಸ್ಕೂಟರು, ಮರದ ಬುಡ, ವಿದ್ಯುತ್ ಡಬ್ಬಿ ಎಲ್ಲಕ್ಕೂ ಜಾಗ ಸಿಕ್ಕಿದೆ. ಸೈಕಲ್ಲಿನವನು ಅವುಗಳಿಗೆ ಅಡ್ಡಿಯಾಗಬಾರದೆಂದು ರಸ್ತೆಯಲ್ಲೇ ಹೋಗುತ್ತಾನೆ. 2017ರ ಕೊನೆಗೆ ವಿಶ್ವವಿದ್ಯಾಲಯದ ಆವರಣದಿಂದ ಶುರುವಾಗಿ ಬಾಡಿಗೆ ಸೈಕಲ್ಲುಗಳೂ ಬಂದವು. ಮೊಬೈಲು ತೋರಿಸಿದರೆ ಬೀಗ ತೆರೆಯುವಂಥವು. ಬಣ್ಣ ಚೆಂದ, ಬುಟ್ಟಿ ಚೆಂದ. ಕೆಲವಕ್ಕಂತೂ ಪಂಕ್ಚರ್ ಆಗದಂಥ ಗಟ್ಟಿ ಟೈರು. ಒಂದೆರಡು ವರ್ಷದಲ್ಲಿ ಸೀಟು ಹೋದವು, ಬೀಗ ಮುರಿದವು ಅಲ್ಲಲ್ಲಿ ಒರಗಿಕೊಂಡಿದ್ದವು. ನಡೆಸುತ್ತಿದ್ದ ಕಂಪನಿಗಳು ಒಂದೊಂದಾಗಿ ಜಾಗ ಖಾಲಿ ಮಾಡಿದವು. ಜನಕ್ಕೆ ಶಿಸ್ತಿಲ್ಲ ಎಂದು ಬೈದವರು ಬಹಳ. ನನಗೆ ಬೇರೆಯೇ ತೋರುತ್ತದೆ. ಆ ಸೈಕಲ್ಲುಗಳನ್ನು ಊರಿನ ಯಾವ ಮೇಸ್ತ್ರಿಯ ಪಾನಾವೂ ಮುಟ್ಟುವಂತಿರಲಿಲ್ಲ, ಅವುಗಳ ನಟ್ಟು ಬೋಲ್ಟುಗಳೇ ಬೇರೆ. ಕೆಟ್ಟರೆ ಕಂಪನಿಯ ವ್ಯಾನು ಬರಬೇಕು. ಯಾರೂ ಬಿಚ್ಚಲಾಗದ ಸೈಕಲ್ಲು ಯಾರಿಗೂ ಸೇರಿದ್ದಲ್ಲ.

ಹಳೆಯ ಕರಿ ಸೈಕಲ್ಲಿನ ಕತೆ ತದ್ವಿರುದ್ಧ. ಅಟ್ಲಾಸ್ ಇರಲಿ, ಹೀರೊ ಇರಲಿ, ಹರ್ಕ್ಯುಲಿಸ್ ಇರಲಿ, ಒಂದರ ಪೆಡಲು ಇನ್ನೊಂದಕ್ಕೆ ಕೂರುತ್ತದೆ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಇದನ್ನು ಎಣಿಸದೆ ಹೇಳುವ ಮೇಸ್ತ್ರಿಗಳು ರಾಮದುರ್ಗದಲ್ಲೂ ಇದ್ದಾರೆ, ರಾಸ್ತಾ ಪೇಟೆಯಲ್ಲೂ ಇದ್ದಾರೆ. ಸೋನಿಪತ್ತಿನಲ್ಲಿ 1951ರಲ್ಲಿ ಹುಟ್ಟಿದ ಅಟ್ಲಾಸ್ ಕಂಪನಿ ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ವಿಶ್ವ ಸೈಕಲ್ ದಿನದಂದೇ! ಆದರೂ ಅಟ್ಲಾಸ್ ಸೈಕಲ್ಲುಗಳು ಇವತ್ತಿಗೂ ರಸ್ತೆಯ ಮೇಲಿವೆ. ಅವು ಬದುಕಿರುವುದು ಕಂಪನಿಯಿಂದಲ್ಲ, ಕಟ್ಟೆಯ ಮೇಲೆ ಬೇಸಿನ್ನಿನಲ್ಲಿ ನೀರಿಟ್ಟುಕೊಂಡು ಕೂತವರಿಂದ.

ಅಂಥ ಕಟ್ಟೆಗಳು ಕಡಿಮೆಯಾಗುತ್ತಿರುವ ಕಾಲದಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಒಂದು ಹೊಸ ಕಟ್ಟೆ ಹುಟ್ಟಿಕೊಂಡಿದೆ. ಪುಣೆಯ ಯಾವ ಸೊಸೈಟಿಗೆ ಹೋದರೂ ಮೆಟ್ಟಿಲ ಕೆಳಗೆ ಒಂದಷ್ಟು ಅನಾಥ ಸೈಕಲ್ಲುಗಳಿರುತ್ತವೆ. ಮಕ್ಕಳು ಬೆಳೆದು ಅಮೆರಿಕ ಸೇರಿರುತ್ತಾರೆ, ಸೈಕಲ್ಲು ಧೂಳು ಹೊದ್ದು ಕಾಯುತ್ತಿರುತ್ತದೆ. ಗುಜರಿಗೆ ಹಾಕಲು ಕಮಿಟಿ ಠರಾವು ಮಾಡಿದಾಗ ಎರಡನೇ ಮಹಡಿಯ ಕಾಕಾ ಎದ್ದು ನಿಂತು, “ಅವು ಸತ್ತಿಲ್ಲ, ಹವಾ ಹೋಗಿದೆ ಅಷ್ಟೇ” ಅಂದರು. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಟೂಲ್‌ರೂಮಿನಲ್ಲಿದ್ದು ನಿವೃತ್ತರಾದವರು. ಅಂದಿನಿಂದ ಭಾನುವಾರ ಬೆಳಿಗ್ಗೆ ಪಾರ್ಕಿಂಗಿನಲ್ಲಿ ಗೋಣಿತಾಟು ಹಾಸಿ ಸಾಮಾನು ಹರಡುತ್ತಾರೆ. ಬೆಳಗಾವಿಯ ಬ್ಯಾಂಕ್ ಅಧಿಕಾರಿಯೊಬ್ಬರು, ಐಟಿ ಕಂಪನಿಯ ಇಬ್ಬರು ಹುಡುಗರು, ಕಾಲೇಜು ಹುಡುಗಿಯೊಬ್ಬಳು, ನಾನು, ಕಾಕೂ ಕಳಿಸುವ ಚಹಾ. ಹಣದ ಮಾತಿಲ್ಲ. ಕಂಬಕ್ಕೆ ಕಾಕಾ ಪುಣೇರಿ ಶೈಲಿಯ ಬೋರ್ಡೊಂದನ್ನು ತಗುಲಿಸಿದ್ದಾರೆ: “ಇಲ್ಲಿ ಸೈಕಲ್ ರಿಪೇರಿ ಮಾಡಿಕೊಡುವುದಿಲ್ಲ, ಕಲಿಸುತ್ತೇವೆ. ವ್ಯತ್ಯಾಸ ತಿಳಿಯದವರು ಬೇರೆಯವರ ಸಮಯ ಹಾಳು ಮಾಡಬಾರದು.”

ಇದು ಪುಣೆಯ ಸೊಕ್ಕು ಅಂದುಕೊಂಡಿದ್ದೆ, ಆದರೆ ಜಗತ್ತಿನ ಎಷ್ಟೋ ಕಡೆ ಇದೇ ಪದ್ಧತಿಯಂತೆ. ಲಾಸ್ ಏಂಜಲೀಸಿನಲ್ಲಿ 2002ರ ಸುಮಾರಿಗೆ ಕೆಲವರು ವಠಾರದಂಥ ಕಟ್ಟಡದ ಒಂದು ಅಡುಗೆಮನೆಯಲ್ಲಿ ಸೇರಿ ಸೈಕಲ್ಲು ಬಿಚ್ಚತೊಡಗಿದರು. ಹಾಗಾಗಿಯೇ ಅದಕ್ಕೆ ‘ಬೈಸಿಕಲ್ ಕಿಚನ್’ ಎಂದು ಹೆಸರಾಯಿತು. ಅಂಥ ಅಡುಗೆಮನೆಗಳು ಆಮೇಲೆ ಯುರೋಪಿನ ಊರುಗಳಲ್ಲೂ ಕಾಣಿಸಿಕೊಂಡವು. ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ಶುರುವಾದ ‘ರಿಪೇರ್ ಕೆಫೆ’ಯಲ್ಲಿ ಮಿಕ್ಸರಿನಿಂದ ಹಿಡಿದು ಕೊಡೆಯವರೆಗೆ ಎಲ್ಲವನ್ನೂ ಹೀಗೆಯೇ ಜತೆ ಕೂತು ಸರಿಮಾಡುತ್ತಾರೆ. 2015ರಲ್ಲಿ ನಮ್ಮ ಬೆಂಗಳೂರಿಗೂ ಅದು ಬಂತು. ಎಲ್ಲ ಕಡೆಯೂ ನಿಯಮ ಒಂದೇ: ಗೊತ್ತಿದ್ದವನು ಪಾನಾ ಹಿಡಿಯಬಾರದು, ಹಿಡಿಸಬೇಕು. ಹೇಳುವುದು ಸುಲಭ. ಎದುರಿಗಿದ್ದವನು ನಟ್ಟನ್ನು ಉಲ್ಟಾ ತಿರುಗಿಸುತ್ತಿರುವಾಗ ಕೈಕಟ್ಟಿ ಕೂರುವುದು ತಪಸ್ಸು. ಕಾಕಾ ಆಗ ಕಣ್ಣು ಮುಚ್ಚಿಕೊಂಡು ಚಹಾ ಕುಡಿಯುತ್ತಾರೆ.

ಪಂಕ್ಚರ್ ಹಾಕುವುದರಲ್ಲಿ ಎಷ್ಟು ಸೊಗಸಿದೆ ನೋಡಿ. ಟೈರಿನ ಅಂಚನ್ನು ಎಬ್ಬಿಸಿ ಟ್ಯೂಬನ್ನು ಮೆಲ್ಲಗೆ ಹೊರಗೆಳೆದು, ಹವಾ ತುಂಬಿ, ನೀರಿನಲ್ಲಿ ಒಂದೊಂದೇ ಗೇಣು ಮುಳುಗಿಸುತ್ತ ಹೋಗಬೇಕು. ಎಲ್ಲರೂ ಬೇಸಿನ್ನಿಗೆ ತಲೆ ಬಗ್ಗಿಸಿರುತ್ತಾರೆ. ಗುಳುಗುಳು ಗುಳ್ಳೆಯೆದ್ದ ಕೂಡಲೇ “ಅಲ್ಲದ, ಅಲ್ಲದ!” ಎಂದು ಬೆಳಗಾವಿಯವರು ಕೂಗುತ್ತಾರೆ, ಬ್ಯಾಂಕಿನಲ್ಲಿ ಕಳೆದುಹೋದ ಬಾಕಿ ಸಿಕ್ಕಾಗಲೂ ಅವರು ಇಷ್ಟು ಖುಷಿಪಟ್ಟಿರಲಾರರು. ಆ ಜಾಗವನ್ನು ಗುರುತು ಮಾಡಿ, ಒರೆಸಿ, ಮರಳುಕಾಗದದಿಂದ ಉಜ್ಜಿ, ಸೊಲ್ಯೂಷನ್ ಸವರಿ ಒಣಗಲು ಬಿಡಬೇಕು. ಇಲ್ಲೇ ಅವಸರದವರು ಸೋಲುವುದು. ಹಸಿ ಇರುವಾಗ ತುಂಡು ಅಂಟಿಸಿದರೆ ನಾಲ್ಕು ಹೆಜ್ಜೆಗೆ ಬಿಟ್ಟುಕೊಳ್ಳುತ್ತದೆ. ಅಂಟಿಸಿ ತಟ್ಟಿದ ಮೇಲೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ಹುಡುಕುವುದು ಮರೆಯಬಾರದು. ಮುಳ್ಳನ್ನು ಅಲ್ಲೇ ಬಿಟ್ಟು ಪಂಕ್ಚರ್ ಹಾಕುವವರು ಸೈಕಲ್ ಲೋಕದಲ್ಲಷ್ಟೇ ಇಲ್ಲ.

ಗಾಲಿಯ ಬೆಂಡ್ ತೆಗೆಯುವುದು ಇನ್ನೂ ನಾಜೂಕು. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಗಾಲಿ ತಿರುಗಿಸಿ, ಸುಣ್ಣದ ಕಡ್ಡಿಯೊಂದನ್ನು ರಿಮ್ಮಿನ ಹತ್ತಿರ ಹಿಡಿದರೆ ಬಾಗಿದ ಕಡೆ ಬಿಳಿ ಗೀರು ಬೀಳುತ್ತದೆ. ರಿಮ್ಮು ಎಡಕ್ಕೆ ವಾಲಿದ್ದರೆ ಬಲಗಡೆಯ ಕಡ್ಡಿ ಒಂದಿಷ್ಟು ಬಿಗಿ, ಎಡಗಡೆಯದು ಒಂದಿಷ್ಟು ಸಡಿಲ. ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಿದರೆ ಆ ಊನ ಹೋಗಿ ಬೇರೊಂದು ಕಡೆ ಏಳುತ್ತದೆ. ನಮ್ಮ ಅಜ್ಜಿ ರೊಟ್ಟಿ ತಟ್ಟುವಾಗ ದಪ್ಪ ಉಳಿದ ಕಡೆಗೆ ಮಾತ್ರ ಅಂಗೈ ಇಳಿಸುತ್ತ ತಿರುವುತ್ತಿದ್ದಳಲ್ಲ, ಅದೇ ಹದ. ಐಟಿ ಹುಡುಗರು ಇದನ್ನು ಬಹಳ ಬೇಗ ಹಿಡಿದರು. ಇಡೀ ವಾರ ಕಣ್ಣಿಗೆ ಕಾಣದ್ದನ್ನು ಸರಿಪಡಿಸುವವರಿಗೆ ಕಾಣುವ ಗಾಲಿ ನೆಟ್ಟಗಾಗುವುದರ ಸಂತೋಷ ಕಡಿಮೆಯಲ್ಲ.

ಪುಣೆಯಲ್ಲಿ ಸೈಕಲ್ಲಿಗೆ ಈಗ ಎರಡು ಪಂಗಡ. ಬೆಳಗಿನ ಜಾವ ಹೆಲ್ಮೆಟ್ಟು, ಬಿಗಿ ಉಡುಪು ತೊಟ್ಟು ಖಡಕ್‌ವಾಸ್ಲಾ ಕೆರೆಯ ಕಡೆ, ಸಿಂಹಗಡದ ಕಡೆ ಹೋಗುವವರು ಒಂದು. ಗಡದ ಮೇಲೆ ಪಿಠಲ-ಭಾಕರಿ, ಮಡಕೆಯ ಮೊಸರು ಹೊಡೆದು, ಸುಟ್ಟಷ್ಟನ್ನೂ ತುಂಬಿಸಿಕೊಂಡೇ ಇಳಿಯುತ್ತಾರೆ. ಕೆಲವರು ಆಷಾಢದ ಹೊತ್ತಿಗೆ ಇನ್ನೂರು ಕಿ.ಮೀ. ದಾಟಿದ ಪಂಢರಪುರಕ್ಕೆ ಸೈಕಲ್ ಮೇಲೆಯೇ ವಾರಿಯಾತ್ರೆ ಹೋಗಿಬರುತ್ತಾರೆ. ಅಲ್ಲಿಯ ವಿಠ್ಠಲನನ್ನು ಜ್ಞಾನೇಶ್ವರರೇ ಕಾನಡಾ ಎಂದು ಕರೆದಿರುವುದರಿಂದ ಇದರಲ್ಲಿ ನಮಗೂ ಒಂದು ಪಾಲಿದೆ. ಇನ್ನೊಂದು ಪಂಗಡಕ್ಕೆ ವಿಶೇಷ ಉಡುಪಿಲ್ಲ. ಪೇಪರಿನವನು, ವಾಚ್‌ಮನ್, ಗಾರೆ ಕೆಲಸದವನು. ಅವರಿಗೆ ಸೈಕಲ್ಲು ಹವ್ಯಾಸವಲ್ಲ, ಉಳಿಯುವ ಬಸ್ ಚಾರ್ಜು. ಕರ್ವೆ ನಗರದಲ್ಲಿ ವಿಕ್ರಮ್ ಪೆಂಡ್ಸೆಯವರು 2017ರಲ್ಲಿ ತೆರೆದ ಸೈಕಲ್ ಮ್ಯೂಸಿಯಮ್ಮಿನಲ್ಲಿ ಎರಡನೇ ಮಹಾಯುದ್ಧದ ಕಾಲದ ಮಡಚುವ ಬಿಎಸ್‌ಎ ಪ್ಯಾರಾಟ್ರೂಪರ್ ಸೈಕಲ್ಲಿದೆ. ಪ್ಯಾರಾಶೂಟಿನಿಂದ ಇಳಿಯುವ ಸಿಪಾಯಿಗೆಂದು ಮಾಡಿದ್ದು. ಅದನ್ನು ನೋಡಿ ನಾನು ಬೆರಗಾದದ್ದು ಹೌದು. ಆದರೆ ಹೊರಗೆ ಬಂದಾಗ ಹಿಂದೆ ಏಣಿ, ಮುಂದೆ ಬಣ್ಣದ ಡಬ್ಬಿ ಕಟ್ಟಿಕೊಂಡು ಸಾಗುತ್ತಿದ್ದ ಪೇಂಟರನ ಸೈಕಲ್ಲೂ ಅಷ್ಟೇ ಯುದ್ಧಸನ್ನದ್ಧವಾಗಿ ಕಂಡಿತು.

ನಮ್ಮ ಪಾರ್ಕಿಂಗಿನಲ್ಲಿ ಎರಡೂ ಪಂಗಡ ಸೇರುತ್ತವೆ. ಅನಾಥ ಸೈಕಲ್ಲುಗಳಲ್ಲಿ ಸರಿಹೋದದ್ದನ್ನು ಬೇಕಾದವರಿಗೆ ಕೊಡುತ್ತೇವೆ. ನೇರಳೆ ಬಣ್ಣದ್ದೊಂದು ವಾಚ್‌ಮನ್ನರ ಮಗಳಿಗೆ ಹೋಯಿತು. ವಿಜಯಪುರದ ಇಂಡಿ ಕಡೆಯ ಕುಟುಂಬ, ಹುಡುಗಿ ಪಾಲಿಕೆಯ ಶಾಲೆಯಲ್ಲಿ ಮರಾಠಿ ಓದುತ್ತಾಳೆ. ಸೈಕಲ್ಲಿನ ಜತೆ ಪಂಕ್ಚರ್ ವಿದ್ಯೆಯನ್ನೂ ಒಯ್ದವಳು, ವಾರದ ನಡುವೆ ಸೊಸೈಟಿಯ ಹುಡುಗರಿಗೆ ಪಂಕ್ಚರ್ ಹಾಕಿ ರೊಕ್ಕ ಇಸಿದುಕೊಳ್ಳುತ್ತಿದ್ದಾಳೆಂದು ದೂರು ಬಂತು. ಇದು ಸೇವೆ, ಧಂದೆಯಲ್ಲ ಎಂದು ಕಾಕಾ ಗದರಿದರು. ಅವಳು ನನ್ನ ಕಡೆ ತಿರುಗಿ, “ನೀವರೆ ಹೇಳ್ರಿ ಕಾಕಾಗ. ಸೊಲ್ಯೂಷನ್‌ಗ ರೊಕ್ಕ ಯಾರ ಕೊಡ್ತಾರ್ರಿ? ಅವ್ರು ಕಲೀರಿ ಅಂದ್ರ ಕಲ್ಯಾಂಗಿಲ್ಲ, ಹಾಕಿಕೊಡು ಅಂತಾರ” ಅಂದಳು. ಅಷ್ಟನ್ನೂ ಮರಾಠಿಗೆ ತಂದು ಒಪ್ಪಿಸಿದೆ. ಕಾಕಾ ಬಹಳ ಹೊತ್ತು ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ಕಂಬದ ಬೋರ್ಡಿನ ಕೆಳಗೆ ಅವಳ ಅಕ್ಷರದಲ್ಲಿ ಹೊಸ ಸಾಲೊಂದಿತ್ತು: “ಕಲಿಯುವವರಿಗೆ ಪುಕ್ಕಟೆ. ಕಲಿಯದವರಿಗೆ 10 ರೂಪಾಯಿ.” ಕಾಕಾ ಅದರಲ್ಲಿನ ಒಂದು ಕಾಗುಣಿತ ತಿದ್ದಿದ್ದರು, ದರವನ್ನು ಮುಟ್ಟಿರಲಿಲ್ಲ.