ಬೆಳವದ ಬೇಟೆಗೆ ಕಾಲವೆಲ್ಲಿದೆ?

ರಾಗಿ ಕಟಾವು ಮುಗಿದು ಹೊಲಗಳಲ್ಲಿ ಕೂಳೆ ಮಾತ್ರ ಉಳಿಯುವ ಹೊತ್ತಿಗೆ ನಮ್ಮ ಅಲೀಪುರದ ಹುಡುಗರಲ್ಲಿ ಒಂದು ಬಗೆಯ ಚಡಪಡಿಕೆ ಶುರುವಾಗುತ್ತದೆ. ಸೈಕಲ್ ಅಂಗಡಿಯಲ್ಲಿ ಹಳೆಯ ಟ್ಯೂಬಿಗೆ ಬೇಡಿಕೆ ಬರುತ್ತದೆ. ಸೀಬೆ ಮರದ ಯಾವ ಕೊಂಬೆ ಒಳ್ಳೆಯ ಕವಲೊಡೆದಿದೆ ಎಂಬ ಹುಡುಕಾಟ ನಡೆಯುತ್ತದೆ. ಕೆರೆಯಂಗಳದ ಜೇಡಿಮಣ್ಣು ಗೋಲಿಯಾಗಿ, ಬಿಸಿಲಿನಲ್ಲಿ ಒಣಗಿ, ಒಲೆಯ ಕೆಂಡದಲ್ಲಿ ಸುಟ್ಟು ಜೇಬು ಸೇರುತ್ತದೆ. ಮನೆಮಾತಿನಲ್ಲಿ ನಾವು ಗುಲೇಲ್ ಎನ್ನುವ ಆ ರಬ್ಬರ್ ಬಿಲ್ಲಿನ ಗುರಿ ಹೆಚ್ಚಾಗಿ ಒಂದೇ ಹಕ್ಕಿ: ಫಾಖ್ತಾ, ಕನ್ನಡದಲ್ಲಿ ಬೆಳವ. ಈಚೆಗೆ ಸ್ವಲ್ಪ ಅನುಕೂಲವಿದ್ದ ಮನೆಗಳಲ್ಲಿ ಗುಲೇಲಿನ ಜಾಗಕ್ಕೆ ಏರ್‌ಗನ್ ಬಂದಿದೆ.

ಹಗಲು ಶಾಲೆಯಲ್ಲಿ, ಸಂಜೆ ಮದ್ರಸಾದಲ್ಲಿ ಇದೇ ಹುಡುಗರಿಗೆ ಪಾಠ ಹೇಳುವವನು ನಾನು. ಆದ್ದರಿಂದ ಈ ಸಿದ್ಧತೆಯೆಲ್ಲ ನನ್ನ ಕಣ್ಣೆದುರಿಗೇ ನಡೆಯುತ್ತದೆ. ಕಳೆದ ವರ್ಷ ಒಬ್ಬ ಹುಡುಗ ನೇರವಾಗಿಯೇ ಕೇಳಿದ, "ಸರ್, ಫಾಖ್ತಾ ಹಲಾಲ್ ಹಕ್ಕಿ ತಾನೇ? ಹಾಗಿದ್ದ ಮೇಲೆ ಹೊಡೆದರೆ ತಪ್ಪೇನು?" ಒಳ್ಳೆಯ ಪ್ರಶ್ನೆ. "ಪಾಪ ಹಕ್ಕಿ, ಬಿಡಪ್ಪಾ" ಎಂದರೆ ಅದಕ್ಕೆ ಉತ್ತರವಾಗುವುದಿಲ್ಲ. ಮಾಂಸ ತಿನ್ನುವ ಮನೆಯ ಮಗುವಿಗೆ ಆ ಮಾತು ಒಪ್ಪಿಗೆಯೂ ಆಗದು.

ಮೊದಲು ಒಂದು ಸತ್ಯ ಹೇಳಬೇಕು. ಬೇಟೆಗೆ ಹೋಗುತ್ತಿದ್ದ ನಮ್ಮ ಹಿರಿಯರಿಗೆ ಹಕ್ಕಿಗಳ ವಿಷಯದಲ್ಲಿ ಇದ್ದ ತಿಳಿವಳಿಕೆ ಸಾಮಾನ್ಯದ್ದಲ್ಲ. ನನ್ನ ಸೋದರಮಾವ ತೊಂಡೇಬಾವಿ ಕಡೆಯ ಹೊಲಗಳಲ್ಲಿ ನಡೆಯುವಾಗ ಚಿಕ್ಕವನಾದ ನನ್ನನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಬೆಳವವನ್ನು ಹುಡುಕಬೇಕಾದರೆ ಮೂರು ಜಾಗ ನೋಡು ಎನ್ನುತ್ತಿದ್ದರು: ಮೇವು, ನೀರು, ಮರ. ಅದು ಕಾಳು ತಿನ್ನುವ ಹಕ್ಕಿ. ಉದುರಿದ ರಾಗಿ, ಜೋಳ, ಕಳೆಯ ಬೀಜಗಳನ್ನು ನೆಲದ ಮೇಲೆ ನಡೆದಾಡಿಯೇ ಹೆಕ್ಕುತ್ತದೆ. ಆದ್ದರಿಂದ ಪೈರು ನಿಂತ ಹೊಲಕ್ಕಿಂತ ಕಟಾವಾದ ಹೊಲವೇ ಅದಕ್ಕೆ ಇಷ್ಟ. ಒಣಕಾಳು ತಿಂದ ಹೊಟ್ಟೆಗೆ ನೀರು ಬೇಕೇ ಬೇಕು. ಹೀಗಾಗಿ ಕೆರೆಯ ಅಂಚಿಗೋ ಕುಂಟೆಗೋ ಬಂದೇ ಬರುತ್ತದೆ. ಅದು ಕೂಡ ದಟ್ಟ ಪೊದೆಯಿಲ್ಲದ, ಬೋಳು ದಡ ಇರುವ ಕಡೆಗೆ. ಬಹುಪಾಲು ಹಕ್ಕಿಗಳು ಗುಟುಕು ತುಂಬಿಕೊಂಡು ತಲೆ ಎತ್ತಿ ನುಂಗಿದರೆ, ಬೆಳವ ಕೊಕ್ಕನ್ನು ನೀರಿನಲ್ಲಿಟ್ಟು ದನ ಕುಡಿದ ಹಾಗೆ ಹೀರುತ್ತದೆ. ಬಿಸಿಲೇರಿದ ಮೇಲೆ ಹುಣಸೆ, ಹೊಂಗೆ, ಜಾಲಿಯ ನೆರಳು ಸೇರುತ್ತದೆ. ಈ ಮೂರೂ ಹತ್ತಿರ ಹತ್ತಿರ ಇರುವ ಕಡೆ ಸುಮ್ಮನೆ ಕುಳಿತರೆ ಸಾಕು, ಹಕ್ಕಿ ತಾನಾಗಿ ಬರುತ್ತದೆ ಎನ್ನುತ್ತಿದ್ದರು ಮಾವ.

ಆಗ ಪ್ರತಿ ಹೊಲದ ಬದಿಯಲ್ಲೂ ಕಣ ಇರುತ್ತಿತ್ತು. ಈಗ ಕಣಗಳು ಅಪರೂಪ. ರಾಗಿಯ ತೆನೆಯನ್ನು ಟಾರು ರಸ್ತೆಯ ಮೇಲೆ ಹರಡುತ್ತಾರೆ. ಬಸ್ಸು ಲಾರಿಗಳೇ ಒಕ್ಕಣೆ ಮಾಡುತ್ತವೆ. ಕಾಳಿಗೆ ಬಂದ ಬೆಳವಗಳೂ ರಸ್ತೆಯ ಮೇಲೆಯೇ ಇಳಿಯುತ್ತವೆ, ಕೆಲವು ಚಕ್ರಕ್ಕೆ ಸಿಗುತ್ತವೆ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಬೆಳವ ಹಲಾಲ್ ಹಕ್ಕಿ ಎಂಬುದು ನಿಜ. ಆದರೆ ಹಕ್ಕಿ ಹಲಾಲ್ ಆಗಿದ್ದ ಮಾತ್ರಕ್ಕೆ ಅದನ್ನು ಕೊಂದ ಬಗೆಯೂ ಹಲಾಲ್ ಆಗುವುದಿಲ್ಲ. ಪವಿತ್ರ ಕುರ್‌ಆನಿನ ಅಲ್ ಮಾಇದಾ ಅಧ್ಯಾಯದ ಮೂರನೆಯ ಸೂಕ್ತವು ನಿಷಿದ್ಧ ಮಾಂಸಗಳನ್ನು ಎಣಿಸುವಾಗ ಪೆಟ್ಟು ತಿಂದು ಸತ್ತದ್ದನ್ನೂ ಹೆಸರಿಸುತ್ತದೆ. ಗುಲೇಲಿನ ಕಲ್ಲು ಹಕ್ಕಿಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಜೀವ ಇರುವಾಗಲೇ ಕೈಗೆ ಸಿಕ್ಕಿ ಝಬಹ್ ಮಾಡಿದರೆ ಬೇರೆ ಮಾತು. ಬಿದ್ದಲ್ಲೇ ಸತ್ತಿದ್ದರೆ ಅದು ತಿನ್ನಲು ಬಾರದ ಹೆಣ. ನಮ್ಮ ಹುಡುಗರ ಕಲ್ಲಿಗೆ ಬೀಳುವ ಹಕ್ಕಿಗಳಲ್ಲಿ ಹೆಚ್ಚಿನವು ಹೀಗೆಯೇ ಸಾಯುತ್ತವೆ. ಏರ್‌ಗನ್ನಿನ ಗುಂಡಿನ ಬಗ್ಗೆ ಫಿಕ್ಹ್ ವಿದ್ವಾಂಸರಲ್ಲಿ ವ್ಯತ್ಯಾಸಗಳಿವೆ. ಅದನ್ನು ಅವರವರ ಉಲಮಾಗಳಲ್ಲಿ ಕೇಳಿ ತಿಳಿಯಬೇಕು. ಕಲ್ಲಿನ ವಿಷಯದಲ್ಲಿ ಮಾತ್ರ ಗೊಂದಲವಿಲ್ಲ.

ಕಲ್ಲೆಸೆಯುವುದರ ಕುರಿತೇ ಒಂದು ಹದೀಸ್ ಇದೆ. ಬೆರಳುಗಳ ನಡುವೆ ಕಲ್ಲಿಟ್ಟು ಚಿಮ್ಮುವುದನ್ನು ಪ್ರವಾದಿ(ಸ)ಯವರು ತಡೆದರು. ಅದರಿಂದ ಬೇಟೆಯೂ ಸಿಗದು, ಶತ್ರುವೂ ಸೋಲನು. ಯಾರದೋ ಹಲ್ಲು ಮುರಿಯುತ್ತದೆ, ಕಣ್ಣು ಹೋಗುತ್ತದೆ ಎಂಬುದು ಅದರ ಆಶಯ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಇರುವ ಈ ಹದೀಸನ್ನು ಮದ್ರಸಾದಲ್ಲಿ ಓದಿದಾಗ ನಾನು ಅಷ್ಟಾಗಿ ಗಮನಿಸಿರಲಿಲ್ಲ. ಹೊಂಗೆ ಮರದ ಆಚೆ ನಿಂತಿದ್ದ ಗೆಳೆಯನ ಕಲ್ಲು ತಗುಲಿ ನಮ್ಮ ಪಕ್ಕದ ಬೀದಿಯ ಹುಡುಗನೊಬ್ಬನ ಬಲಗಣ್ಣಿನ ದೃಷ್ಟಿ ಮಂಕಾದ ದಿನ ಅದರ ಒಂದೊಂದು ಮಾತೂ ನೆನಪಿಗೆ ಬಂತು. ಹುಡುಗರಿಬ್ಬರೂ ಇಂದಿಗೂ ಸ್ನೇಹಿತರೇ. ಅವರ ತಾಯಂದಿರು ಮಾತ್ರ ಎದುರಾದರೆ ಇನ್ನೂ ತಲೆ ತಗ್ಗಿಸಿ ಸಾಗುತ್ತಾರೆ.

ಎರಡನೆಯದು ಉದ್ದೇಶ. ಹಕ್ಕಿಯನ್ನು ಕಟ್ಟಿಹಾಕಿ ಗುರಿಯಾಟ ಆಡುತ್ತಿದ್ದ ಯುವಕರನ್ನು ಇಬ್ನು ಉಮರ್(ರ) ಖಂಡಿಸಿದ ಪ್ರಸಂಗ ಪ್ರಸಿದ್ಧ. ಜೀವವಿರುವುದನ್ನು ಗುರಿಹಲಗೆ ಮಾಡಬಾರದೆಂದು ಪ್ರವಾದಿ(ಸ) ಕಲಿಸಿದ್ದನ್ನು ಅವರು ನೆನಪಿಸಿದರು. ನಮ್ಮ ಅಲೀಪುರದಲ್ಲಿ ಬಹುಸಂಖ್ಯಾತರು ಶಿಯಾ ಬಾಂಧವರು. ಅವರು ಅನುಸರಿಸುವ ಜಅಫರಿ ಫಿಕ್ಹ್‌ನಲ್ಲಿ ಇದಕ್ಕೊಂದು ಸೊಗಸಾದ ನಿಯಮವಿದೆ. ದೂರ ಪ್ರಯಾಣ ಹೋದವನು ನಾಲ್ಕು ರಕಅತಿನ ನಮಾಝನ್ನು ಎರಡಕ್ಕೆ ಇಳಿಸಿಕೊಳ್ಳುತ್ತಾನೆ. ಮನೆಯವರ ಹೊಟ್ಟೆಗಾಗಿ ಬೇಟೆಗೆ ಹೋದವನಿಗೂ ಈ ರಿಯಾಯಿತಿ ಉಂಟು. ಮೋಜಿಗಾಗಿ ಬೇಟೆಗೆ ಹೊರಟವನಿಗೆ ಇಲ್ಲ; ಅವನು ಪೂರ್ತಿ ನಮಾಝ್ ಮಾಡಬೇಕು. ಒಂದೇ ದಾರಿ, ಒಂದೇ ಹಕ್ಕಿ. ಉದ್ದೇಶ ಬದಲಾದರೆ ಪ್ರಯಾಣದ ಬೆಲೆಯೇ ಬದಲಾಗುತ್ತದೆ. ಇದನ್ನು ತರಗತಿಯಲ್ಲಿ ಹೇಳಿದಾಗ ಹುಡುಗರು ಬಹಳ ಹೊತ್ತು ಚರ್ಚೆ ಮಾಡಿದರು.

ಮೂರನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಮೊದಲು ಸಣ್ಣ ಬೇಟೆಗೆ ಲೈಸೆನ್ಸ್ ಪಡೆಯುವ ಅವಕಾಶವಿತ್ತು. 1991ರ ತಿದ್ದುಪಡಿಯೊಂದಿಗೆ ಆ ಬಾಗಿಲು ಮುಚ್ಚಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಬೆಳವಗಳು ಎರಡನೆಯ ಅನುಸೂಚಿಗೆ ಸೇರಿದವು. ಕೊಲ್ಲುವುದಷ್ಟೇ ಅಲ್ಲ, ಬಲೆ ಹಾಕುವುದು, ಉರುಲು ಒಡ್ಡುವುದು, ಗೂಡು ಮೊಟ್ಟೆ ಕೆಡಿಸುವುದೂ ಕಾನೂನಿನ ಪ್ರಕಾರ ಬೇಟೆಯೇ. ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಬೀಳಬಹುದು. ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂಬುದನ್ನು ಅನೇಕ ತಂದೆಯರು ಬೇಟೆಗೇ ಅನುಮತಿ ಎಂದು ತಿಳಿದಿದ್ದಾರೆ. ಬಂದೂಕಿಗೆ ರಿಯಾಯಿತಿ ಇದೆ, ಹಕ್ಕಿ ಹೊಡೆಯಲು ಇಲ್ಲ.

ಹರಳು ವ್ಯಾಪಾರದಿಂದಾಗಿ ನಮ್ಮೂರಿನವರಿಗೆ ಹೊರದೇಶಗಳ ಪರಿಚಯ ಹೆಚ್ಚು. ಅಮೆರಿಕದಲ್ಲಿರುವ ಬಂಧುವೊಬ್ಬರು ಫೋನಿನಲ್ಲಿ ಹೇಳಿದರು, "ಇಲ್ಲಿ ಬೆಳವದ ಬೇಟೆಗೆ ಸೀಸನ್ ಇದೆ, ನಿಮಗೇಕೆ ಇಲ್ಲ?" ಅದೂ ನಿಜ. ಅಲ್ಲಿನ ಹಲವು ರಾಜ್ಯಗಳಲ್ಲಿ ಸೆಪ್ಟೆಂಬರ್ 1ರಂದು ಬೆಳವದ ಬೇಟೆ ಶುರುವಾಗುತ್ತದೆ. ಲೈಸೆನ್ಸ್ ಬೇಕು, ಒಬ್ಬನಿಗೆ ದಿನಕ್ಕೆ 15 ಹಕ್ಕಿಗಳ ಮಿತಿ ಉಂಟು, ಕಾಳು ಚೆಲ್ಲಿ ಹಕ್ಕಿಗಳನ್ನು ಸೆಳೆದು ಹೊಡೆಯುವಂತಿಲ್ಲ. ಇಷ್ಟು ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಒಂದು ಕಾಲದಲ್ಲಿ ಆ ದೇಶದಲ್ಲಿ ಪ್ಯಾಸೆಂಜರ್ ಪಾರಿವಾಳಗಳು ಕೋಟಿ ಕೋಟಿ ಸಂಖ್ಯೆಯಲ್ಲಿದ್ದವು. ಹಿಂಡು ಹಾರಿದರೆ ಬಿಸಿಲೇ ಮರೆಯಾಗುತ್ತಿತ್ತಂತೆ. ಎಗ್ಗಿಲ್ಲದ ಬೇಟೆ ಮತ್ತು ಕಾಡಿನ ನಾಶದಿಂದ ಅವು ಮುಗಿದೇಹೋದವು. ಕೊನೆಯ ಹಕ್ಕಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತದ್ದು 1914ರ ಸೆಪ್ಟೆಂಬರ್ 1ರಂದೇ. ಅದಾದ ನಾಲ್ಕು ವರ್ಷಕ್ಕೆ, 1918ರಲ್ಲಿ, ಅಲ್ಲಿ ವಲಸೆ ಹಕ್ಕಿಗಳ ರಕ್ಷಣೆಯ ಕಾನೂನು ಬಂತು.

ಸೀಸನ್ ಎಂಬ ಮಾತಿಗೆ ಅರ್ಥ ಬರುವುದು ಹಕ್ಕಿ ಮರಿ ಮಾಡದ ಕಾಲವೊಂದಿದ್ದರೆ. ನಮ್ಮ ಸೀಮೆಯ ಚುಕ್ಕೆ ಬೆಳವ ಮತ್ತು ಪುಟ್ಟ ಕಂದು ಬೆಳವ ವರ್ಷದ ಹೆಚ್ಚು ಕಡಿಮೆ ಎಲ್ಲ ತಿಂಗಳಲ್ಲೂ ಗೂಡು ಕಟ್ಟುತ್ತವೆ. ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟಂಥ ಗೂಡು, ಸಾಮಾನ್ಯವಾಗಿ ಎರಡು ಮೊಟ್ಟೆ. ಗಂಡೂ ಹೆಣ್ಣೂ ಸರದಿಯ ಮೇಲೆ ಕಾವು ಕೊಡುತ್ತವೆ. ಮರಿಗೆ ಮೊದಲ ದಿನಗಳಲ್ಲಿ ತಂದೆ ತಾಯಿ ಇಬ್ಬರೂ ತಮ್ಮ ಗಂಟಲ ಚೀಲದಲ್ಲಿ ಉಂಟಾಗುವ ಹಾಲಿನಂಥ ಆಹಾರವನ್ನು ಉಣಿಸುತ್ತಾರೆ. ಆದ್ದರಿಂದ ನಮ್ಮಲ್ಲಿ ಯಾವ ತಿಂಗಳು ಕಲ್ಲು ಹೊಡೆದರೂ ಎಲ್ಲೋ ಒಂದು ಗೂಡಿನಲ್ಲಿ ಎರಡು ಬಾಯಿ ತೆರೆದುಕೊಂಡು ಕಾಯುತ್ತಿರಬಹುದು. ಇಷ್ಟೆಲ್ಲ ಆಗಿ ಕೈಗೆ ಸಿಗುವುದು ಒಂದು ಹಿಡಿಯೂ ತುಂಬದ ಮಾಂಸ.

ಹಕ್ಕಿ ಹಿಡಿಯುವುದೇ ಕುಲಕಸುಬಾಗಿದ್ದ ಹಕ್ಕಿಪಿಕ್ಕಿ ಜನರು ನಮ್ಮ ರಾಜ್ಯದಲ್ಲಿದ್ದಾರೆ. ಕಾನೂನು ಬಂದಾಗ ಅವರು ಬದುಕಿನ ದಾರಿಯನ್ನೇ ಬದಲಿಸಬೇಕಾಯಿತು. ಗಿಡಮೂಲಿಕೆ ಎಣ್ಣೆ ಮಾರುತ್ತ ಆಫ್ರಿಕಾದವರೆಗೆ ಹೋದರು. 2023ರಲ್ಲಿ ಸುಡಾನಿನ ಯುದ್ಧದಲ್ಲಿ ಸಿಲುಕಿದಾಗ ನಾಡಿಗೆಲ್ಲ ಅವರ ಸುದ್ದಿ ತಿಳಿಯಿತು. ಅನ್ನ ಕೊಡುತ್ತಿದ್ದ ಬೇಟೆಯನ್ನೇ ಅವರು ಬಿಟ್ಟಿರುವಾಗ ಆಟಕ್ಕಾಗಿ ಹೊಡೆಯುವ ನಾವು ಬಿಡಲಾರೆವೇ?

ಇಷ್ಟೂ ಹೇಳಿ ಮುಗಿಸಿದ ಮೇಲೆ ಇನ್ನೊಬ್ಬ ಹುಡುಗ ಮೆಲ್ಲಗೆ ಹೇಳಿದ, "ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯೂ ಮಾಂಸ ಇರುವುದಿಲ್ಲ ಸರ್." ತಂದೆ ಇಲ್ಲದ ಮನೆ, ತಾಯಿ ಕೂಲಿಗೆ ಹೋಗುತ್ತಾರೆ. ಅವನದು ಮೋಜಿನ ಬೇಟೆಯಲ್ಲ. ಆದರೆ ಕಾನೂನಿನ ಪುಸ್ತಕದಲ್ಲಿ ಈ ವ್ಯತ್ಯಾಸ ಇಲ್ಲ. ಕೇಸು ಬಿದ್ದರೆ ಏರ್‌ಗನ್ ಹಿಡಿದ ಮಗನಿಗೆ ತಂದೆಯ ಹಣ, ಪರಿಚಯ ಎಲ್ಲ ಒದಗುತ್ತವೆ; ಗುಲೇಲ್ ಹಿಡಿದ ಇವನಿಗೆ ಯಾರು ಬರುತ್ತಾರೆ? ಅವನಿಗೆ ಉಪದೇಶಕ್ಕಿಂತ ನಾಟಿ ಕೋಳಿಯೇ ಉಪಯೋಗ ಎನಿಸಿತು. ಪರಿಚಯದ ಇಬ್ಬರೊಂದಿಗೆ ಸೇರಿ ಎರಡು ಹ್ಯಾಟೆ, ಒಂದು ಹುಂಜ ಕೊಡಿಸಿದೆವು. ಈಗ ಅವರ ಹಿತ್ತಲಲ್ಲಿ ಹನ್ನೊಂದು ಕೋಳಿಗಳಿವೆ. ಕಳೆದ ಈದ್‌ಗೆ ಅವನ ತಾಯಿ ನಮ್ಮ ಮನೆಗೇ ಮೊಟ್ಟೆ ಕಳಿಸಿದ್ದರು.

ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಆರಂಭವಾದ ಏರ್‌ಗನ್ ಒಪ್ಪಿಸುವ ಅಭಿಯಾನದಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ತಾವಾಗಿಯೇ ಬಂದು ತಮ್ಮ ಬಂದೂಕುಗಳನ್ನು ಕೊಟ್ಟರು. ಬೇಟೆಯ ಪರಂಪರೆ ನಮಗಿಂತ ಎಷ್ಟೋ ಗಟ್ಟಿಯಾಗಿರುವ ನಾಡು ಅದು. ನಮ್ಮಲ್ಲಿ ಅಭಿಯಾನವೇ ಬೇಕೆಂದೇನೂ ಇಲ್ಲ, ಮನೆಯ ಹಿರಿಯರು ಮನಸ್ಸು ಮಾಡಿದರೆ ಸಾಕು. ಮಗ ಪರೀಕ್ಷೆಯಲ್ಲಿ ಪಾಸಾದನೆಂದು ಏರ್‌ಗನ್ ಕೊಡಿಸುವ ಬದಲು ಒಂದು ದುರ್ಬೀನು ಕೊಡಿಸಿ. ಮೇವು, ನೀರು, ಮರ ಎಂಬ ಮಾವನ ಲೆಕ್ಕ ಅದಕ್ಕೂ ಸರಿಹೊಂದುತ್ತದೆ. ನಾನು ಹುಡುಗರನ್ನು ರಜೆಯ ಬೆಳಿಗ್ಗೆ ಕೆರೆಯ ಬಳಿ ಕರೆದೊಯ್ಯುತ್ತೇನೆ. ಎಷ್ಟು ಬೆಳವ, ಯಾವ ಜಾತಿ, ಎಷ್ಟು ಗಂಟೆಗೆ ನೀರಿಗೆ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಹಕ್ಕಿಯನ್ನು ಬೇಗ ಕಂಡುಹಿಡಿಯುವುದರಲ್ಲಿ ಮೊದಲಿಗರು ಹಿಂದೆ ಗುಲೇಲ್ ಹಿಡಿಯುತ್ತಿದ್ದ ಹುಡುಗರೇ.

ತಾಯಂದಿರಲ್ಲಿ ಒಂದು ವಿನಂತಿ. ಬೇಸಿಗೆ ಬಂದಾಗ ಮಾಳಿಗೆಯ ಮೇಲೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಡಿ. ದಿನವೂ ತೊಳೆದು ಹೊಸ ನೀರು ಹಾಕಿ. ಆ ಕೆಲಸವನ್ನು ಮನೆಯ ಅತ್ಯಂತ ತುಂಟ ಹುಡುಗನಿಗೇ ಒಪ್ಪಿಸಿ. ಬಾಯಾರಿದ ಜೀವಕ್ಕೆ ನೀರು ಕೊಡುವುದು ಎಂಥ ಪುಣ್ಯದ ಕೆಲಸ ಎಂಬುದನ್ನು ಅವನಿಗೆ ಯಾರೂ ಭಾಷಣ ಮಾಡಿ ಕಲಿಸಬೇಕಾಗಿಲ್ಲ.