ಚೈತ್ರದಲ್ಲಿ ಎಲೆ ಉದುರುವ ಊರು

ಮಕ್ಕಳೇ, ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ ಎಂದು ನೀವು ಶಾಲೆಯಲ್ಲಿ ಓದಿರುತ್ತೀರಿ. ನಾನೂ ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡವನೇ. ಆದರೆ ಆ ವಾಲಿಕೆ ನಮ್ಮ ಮನೆಯ ವ್ಯವಹಾರಕ್ಕೆ ಬಂದದ್ದು ನನಗೆ ಎಪ್ಪತ್ತೆರಡು ತುಂಬಿದ ಮೇಲೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಯಾವ ತಿಂಗಳು ಹೋಗುವುದು ಎಂಬ ಮಾತು ಬಂದಾಗ.

ಅಲ್ಲಿ ಎಲ್ಲವೂ ತಿರುವುಮುರುವು. ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ, ಮಾರ್ಚ್‌ನಿಂದ ಮೇ ಎಲೆ ಉದುರುವ ಕಾಲ, ಜೂನ್‌ನಿಂದ ಆಗಸ್ಟ್ ಚಳಿ, ಸೆಪ್ಟೆಂಬರ್‌ನಿಂದ ನವೆಂಬರ್ ವಸಂತ. ಸೂರ್ಯ ಹತ್ತಿರ ಬಂದರೆ ಬೇಸಿಗೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ. ಆಗ ನಾವು ಮೈಸೂರಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೋಗುತ್ತಿರುತ್ತೇವೆ, ಮೆಲ್ಬರ್ನ್‌ನವರು ಸಮುದ್ರದಲ್ಲಿ ಈಜುತ್ತಿರುತ್ತಾರೆ. ಎಲ್ಲ ಆ ವಾಲಿಕೆಯ ಆಟ.

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಡ್ಜರ್ ಬರೆದ ಕೈ ಸುಮ್ಮನಿರುವುದಿಲ್ಲ. ಹಳೆಯ ಡೈರಿಯ ಕೊನೆಯ ಪುಟದಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಗೆರೆ ಎಳೆದೆ. ಹವೆ, ಟಿಕೆಟ್ ದರ, ಮೊಮ್ಮಗನ ಶಾಲೆಯ ರಜೆ, ಹೀಗೆ ಕಾಲಂಗಳು.

ಮೊಮ್ಮಗನ ವೋಟು ಡಿಸೆಂಬರ್‌ಗೆ. ಅವರ ದೊಡ್ಡ ರಜೆ ಕ್ರಿಸ್‌ಮಸ್‌ಗೆ ಮೊದಲು ಶುರುವಾದರೆ ಜನವರಿ ಕೊನೆಯವರೆಗೂ ಇರುತ್ತದೆ. ಅದಕ್ಕಿಂತ ದೊಡ್ಡ ಆಮಿಷ ಇನ್ನೊಂದು. ಡಿಸೆಂಬರ್ 26ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಬಾಕ್ಸಿಂಗ್ ಡೇ ಟೆಸ್ಟ್. 2024ರಲ್ಲಿ ಅಲ್ಲಿಗೆ ಹೋಗುವ ತಂಡ ನಮ್ಮದೇ! "ತಾತ, ನಾನೂ ನೀನೂ ಐದು ದಿನವೂ ಹೋಗೋಣ" ಅಂದ. ನಾನು ರೇಡಿಯೋಗೆ ಕಿವಿ ಹಚ್ಚಿ ಕಾಮೆಂಟರಿ ಕೇಳಿ ಬೆಳೆದವನು. ಆ ಮೈದಾನದಲ್ಲಿ ಒಂದು ದಿನ ಕೂರಲು ಎಷ್ಟು ಬೇಕಾದರೂ ಕೊಡುತ್ತಿದ್ದೆ. (ಪಿಂಚಣಿ ಅನುಮತಿಸುವಷ್ಟು, ಅನ್ನಿ.)

ಡಿಸೆಂಬರ್ ಗೆರೆಯ ಮುಂದೆ ಟಿಕ್ ಹಾಕಬೇಕು, ಅಷ್ಟರಲ್ಲಿ ಮಗಳ ಫೋನ್ ಬಂತು. "ಅಪ್ಪ, ಅಮ್ಮನ ಉಬ್ಬಸಕ್ಕೊಂದು ಕಾಲಂ ಹಾಕಿದ್ದೀರಾ?"

ಹಾಕಿರಲಿಲ್ಲ. ಆಮೇಲೆ ಅವಳು 2016ರ ನವೆಂಬರ್ 21ರ ಸಂಜೆಯ ಕಥೆ ಹೇಳಿದಳು. ಮೆಲ್ಬರ್ನ್ ಸುತ್ತಮುತ್ತ ದೊಡ್ಡ ಹುಲ್ಲುಗಾವಲುಗಳಿವೆ. ವಸಂತದಲ್ಲಿ ರೈ ಎಂಬ ಹುಲ್ಲು ಹೂಬಿಟ್ಟು ಪರಾಗವನ್ನು ಗಾಳಿಗೆ ಬಿಡುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೂ ಅದರ ಕಾಲ. ಪರಾಗದ ಕಣ ಸ್ವಲ್ಪ ದೊಡ್ಡದು, ಸಾಮಾನ್ಯವಾಗಿ ಮೂಗಿನಲ್ಲೇ ತಡೆಯುತ್ತದೆ. ಸೀನು ಬರುತ್ತದೆ, ಅಷ್ಟೆ. ಅಂದು ಬಿಸಿಲಿನ ಮೇಲೆ ಗುಡುಗು ಮಳೆ ಬಂತು. ತೇವಕ್ಕೆ ಕಣಗಳು ಒಡೆದು ಚೂರುಚೂರಾದವು. ಬಿರುಗಾಳಿ ಆ ಚೂರುಗಳನ್ನು ಊರ ಮೇಲೆ ಸುರಿಯಿತು. ಅವು ನೇರ ಶ್ವಾಸಕೋಶಕ್ಕೇ ಇಳಿದವು. ಕೆಲವೇ ಗಂಟೆಗಳಲ್ಲಿ ಸಾವಿರಾರು ಜನ ಉಸಿರಿಗಾಗಿ ಒದ್ದಾಡುತ್ತ ಆಸ್ಪತ್ರೆಗಳಿಗೆ ಬಂದರು. ಹತ್ತು ಮಂದಿ ತೀರಿಕೊಂಡರು. ಅಂದಿನವರೆಗೆ ಉಬ್ಬಸ ಎಂದರೇನೆಂದು ತಿಳಿಯದವರೂ ಅಂದು ಆಸ್ಪತ್ರೆ ಸೇರಿದ್ದರಂತೆ.

ನನ್ನಾಕೆಗೆ ಇಪ್ಪತ್ತು ವರ್ಷದಿಂದ ಉಬ್ಬಸ. ದಿಂಬಿನ ಪಕ್ಕ ಇನ್‌ಹೇಲರ್ ಇಲ್ಲದೆ ಮಲಗುವವಳಲ್ಲ. ಅವಳು ಮಾತ್ರ "ಹತ್ತು ಜನಕ್ಕೆ ಆಗಿದ್ದು ನನಗೇ ಆಗುತ್ತಾ? ನೀವು ಮ್ಯಾಚ್ ನೋಡಿ" ಅಂದಳು. ನಾನು ಮಾತಾಡದೆ ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರೂ ಗೆರೆ ಹೊಡೆದು ಹಾಕಿದೆ. ಜನವರಿ, ಫೆಬ್ರವರಿಯಲ್ಲಿ ಕಾಡಿಗೆ ಬೆಂಕಿ ಬೀಳುವ ಭಯ. 2020ರ ಜನವರಿಯಲ್ಲಿ ಅದರ ಹೊಗೆ ಊರೊಳಗೇ ಬಂದು ಕೂತಿತ್ತು. ಅವೂ ಹೋದವು. ಜೂನ್, ಜುಲೈ, ಆಗಸ್ಟ್‌ನ ಒದ್ದೆ ಚಳಿ ಅವಳ ಎದೆಗೆ ಆಗದು. ಸಂಜೆ ಐದೂಕಾಲಿಗೆಲ್ಲ ಕತ್ತಲು ಬೇರೆ.

ಉಳಿದದ್ದರಲ್ಲಿ ನಾವು ಆರಿಸಿಕೊಂಡದ್ದು ಮಾರ್ಚ್ ಕೊನೆಯ ವಾರ. ಹುಲ್ಲಿನ ಕಾಲ ಮುಗಿದಿರುತ್ತದೆ, ಬಿಸಿಲು ಹದ, ಟಿಕೆಟ್ ಅಗ್ಗ, ಮೊಮ್ಮಗನಿಗೆ ಎರಡು ವಾರ ರಜೆ. ನನಗೆ ಒಳಗೊಳಗೇ ಇನ್ನೊಂದು ಖುಷಿ. ಮಾರ್ಚ್ 31ರ ಲೆಕ್ಕ ಮುಗಿಸುವ ಗಲಾಟೆಯಲ್ಲಿ ಸರ್ವಿಸ್‌ನಲ್ಲಿ ಒಮ್ಮೆಯೂ ಆ ವಾರ ರಜೆ ಸಿಕ್ಕವನಲ್ಲ ನಾನು. ಅಲ್ಲಿ ಹೋಗಿ ನೋಡಿದರೆ ಅವರ ಹಣಕಾಸು ವರ್ಷ ಮುಗಿಯುವುದೇ ಜೂನ್ 30ಕ್ಕೆ!

ಏಪ್ರಿಲ್ ಮೊದಲ ಭಾನುವಾರ ಒಂದು ತಮಾಷೆ ನಡೆಯಿತು. ಬೇಸಿಗೆಯ ಬೆಳಕು ಉಳಿಸಲು ಅವರು ಅಕ್ಟೋಬರ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಏಪ್ರಿಲ್‌ನಲ್ಲಿ ಹಿಂದಕ್ಕಿಡುತ್ತಾರೆ. ಅಂದು ನಮಗೆ ಇಪ್ಪತ್ತೈದು ಗಂಟೆಯ ದಿನ. ಅಕ್ಟೋಬರ್‌ನಲ್ಲಿ ಪಡೆದ ಸಾಲ ಏಪ್ರಿಲ್‌ನಲ್ಲಿ ವಾಪಸ್, ಅಸಲು ಮಾತ್ರ, ಬಡ್ಡಿ ಇಲ್ಲ. ಇಂಥ ಬ್ಯಾಂಕನ್ನು ನಾನು ಕಂಡಿರಲಿಲ್ಲ.

ಏಪ್ರಿಲ್ 9ಕ್ಕೆ ಯುಗಾದಿ, ಕ್ರೋಧಿ ಸಂವತ್ಸರ. ಹಸಿ ಎಲೆ, ಬೀಜಗಳ ವಿಷಯದಲ್ಲಿ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಬಹಳ ಕಟ್ಟುನಿಟ್ಟು, ಹಾಗಾಗಿ ಬೇವನ್ನು ಒಯ್ದಿರಲಿಲ್ಲ. ನನ್ನಾಕೆ ಹಾಗಲಕಾಯಿಯ ಸಣ್ಣ ಚೂರಿಗೆ ಬೆಲ್ಲ ಸೇರಿಸಿ ಎಲ್ಲರ ಕೈಗೂ ಕೊಟ್ಟಳು. ಹೊರಗೆ ಬೀದಿಯ ಮರಗಳೆಲ್ಲ ಹಳದಿ, ಕೆಂಪು. ಮೊಮ್ಮಗ "ಅಜ್ಜಿ, ಯುಗಾದಿ ಅಂದರೆ ವಸಂತ ಅಂದೆಯಲ್ಲ, ಎಲ್ಲಿದೆ?" ಎಂದು ಕೇಳಿದ. "ಮೈಸೂರಲ್ಲಿ ಬಿಟ್ಟು ಬಂದಿದ್ದೀನಿ ಕಣೋ" ಅಂದಳು.

ಹೀಗೆ ಬಣ್ಣ ತಿರುಗುವ ಮರಗಳು ಇಂಗ್ಲೆಂಡ್ ಕಡೆಯವರು ತಂದು ನೆಟ್ಟವು. ಆ ನೆಲದ ಸ್ವಂತ ಮರ ನೀಲಗಿರಿ. ನಮ್ಮ ಕೋಲಾರದ ಕಡೆ ತೋಪುತೋಪಾಗಿ ನಿಂತಿದೆಯಲ್ಲ, ಅದರ ತವರು ಅದೇ ನಾಡು. ಅದು ಕಾಲ ನೋಡಿ ಎಲೆಯನ್ನೆಲ್ಲ ಉದುರಿಸುವ ಮರವಲ್ಲ, ತೊಗಟೆ ಸುಲಿದುಕೊಳ್ಳುತ್ತದೆ. ದಿನಾ ಸಂಜೆ ಒಣಗಿದೆಲೆ ಸದ್ದು ಮಾಡುತ್ತ ಉದ್ಯಾನದಲ್ಲಿ ಎರಡು ಸುತ್ತು ಹಾಕುತ್ತಿದ್ದೆವು. ನನ್ನಾಕೆ ಏರುದಾರಿಯಲ್ಲೂ ನಿಲ್ಲದೆ ಮಾತಾಡಿಕೊಂಡೇ ಬರುತ್ತಿದ್ದಳು. ಮಾತು ನಿಂತರೆ ತಾನೇ ನಾನು ಹೆದರಬೇಕಾದದ್ದು.

ಡಿಸೆಂಬರ್ 26 ಬಂದಾಗ ನಾವು ಮೈಸೂರಿನಲ್ಲಿದ್ದೆವು. ಅಲ್ಲಿ ಗ್ರಾಂಪಿಯನ್ಸ್ ಬೆಟ್ಟಗಳ ಕಾಡು ಹೊತ್ತಿ ಉರಿಯುತ್ತಿದೆ ಎಂಬ ಸುದ್ದಿ ಟಿ.ವಿ.ಯಲ್ಲಿ. ಬೆಳಗಿನ ಐದಕ್ಕೆ ಎದ್ದು ಶಾಲು ಹೊದ್ದು ಕೂತೆ, ನನ್ನಾಕೆ ಕಾಫಿ ತಂದಿಟ್ಟಳು. ಮೂರನೆಯ ದಿನ ನಿತೀಶ್ ರೆಡ್ಡಿ ಶತಕ ಹೊಡೆದ, ಗ್ಯಾಲರಿಯಲ್ಲಿ ಅವನ ಅಪ್ಪ ಅಳುತ್ತ ನಿಂತಿದ್ದರು. ಆಗಲೇ ಫೋನ್ ರಿಂಗಾಯಿತು. ಮೊಮ್ಮಗ, ಮೈದಾನದಿಂದ. ಗದ್ದಲದಲ್ಲಿ ಅವನ ಒಂದು ಮಾತೂ ಕೇಳಿಸಲಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ.