ಮುಳುಗಿದ ಊರುಗಳ ಮೇಲೆ ಹಕ್ಕಿಗಳು

ನ್ಯೂ ಇಂಗ್ಲೆಂಡಿನ ವಸಂತ ಪಂಚಾಂಗ ನೋಡಿ ಬರುವುದಿಲ್ಲ. ಯುಗಾದಿ ಸಮೀಪಿಸಿದರೂ ಕೆರೆಗಳ ಮೇಲೆ ಮಂಜುಗಡ್ಡೆ ಹಾಸಿಕೊಂಡಿರುವುದುಂಟು. ಅದು ಅಂಚಿನಲ್ಲಿ ಕರಗಿ ನೀರಿನ ಕಪ್ಪು ಗೆರೆಯೊಂದು ಕಂಡಿತೆಂದರೆ ಸಾಕು, ಬಾತುಗಳು ಬಂದಿಳಿಯುತ್ತವೆ. ಪಕ್ಷಿವೀಕ್ಷಕರಿಗೆ ಅಂದೇ ಹೊಸ ವರ್ಷ.

ಅಂಥದೊಂದು ಮಾರ್ಚ್ ಶನಿವಾರ, ಮಗಳೊಡನೆ ಮ್ಯಾಸಚೂಸೆಟ್ಸ್ ರಾಜ್ಯದ ನಡುಭಾಗದಲ್ಲಿರುವ ಕ್ವಾಬಿನ್ ಜಲಾಶಯಕ್ಕೆ ಹೋಗಿದ್ದೆ. ಬೆಳಿಗ್ಗೆ ವಿನ್ಸರ್ ಅಣೆಕಟ್ಟಿನ ಬಳಿ ಹಸಿರು ಮಿಂಚಿನ ತಲೆಯ ಮರ್ಗ್ಯಾನ್ಸರ್ ಬಾತುಗಳು ಮುಳುಗಿ ಏಳುತ್ತಿದ್ದವು. ದೂರದಲ್ಲೊಂದು ಲೂನ್ ಹಕ್ಕಿ ಒಂಟಿಯಾಗಿ ತೇಲುತ್ತಿತ್ತು. ಈ ರಾಜ್ಯದಿಂದ ಬಹುಕಾಲ ಮರೆಯಾಗಿದ್ದ ಲೂನ್‌ಗಳು 1975ರಲ್ಲಿ ಮತ್ತೆ ಗೂಡು ಕಟ್ಟಿದ್ದು ಈ ನೀರಿನಲ್ಲಿಯೇ.

ಮಧ್ಯಾಹ್ನ ಎನ್‌ಫೀಲ್ಡ್ ಎಂಬ ವೀಕ್ಷಣಾ ಸ್ಥಳಕ್ಕೆ ಬಂದೆವು. "ಎನ್‌ಫೀಲ್ಡ್ ಊರು ಎಲ್ಲಿದೆ, ಅಪ್ಪಾ?" ಎಂದಳು ಮಗಳು. ನಾನು ನೀರಿನತ್ತ ಕೈ ತೋರಿದೆ. ಬಾಸ್ಟನ್ ನಗರದ ಬಾಯಾರಿಕೆಗಾಗಿ ಡೇನಾ, ಎನ್‌ಫೀಲ್ಡ್, ಗ್ರೀನ್‌ವಿಚ್, ಪ್ರೆಸ್ಕಾಟ್ ಎಂಬ ನಾಲ್ಕು ಊರುಗಳು 1938ರ ಏಪ್ರಿಲ್ 28ರಂದು ಕಾನೂನಿನಲ್ಲಿಯೇ ಇಲ್ಲವಾದವು. ಸುಮಾರು 2,500 ಜನ ಮನೆ ಬಿಟ್ಟರು. 7,500ಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದು ಬೇರೆಡೆಗೆ ಒಯ್ದರು. 1939ರಲ್ಲಿ ತುಂಬತೊಡಗಿದ ಜಲಾಶಯ 1946ರಲ್ಲಿ ತುಂಬಿತು.

ಸಾಗರ ತಾಲ್ಲೂಕಿನವನಾದ ನನಗೆ ಇದು ಪರದೇಶದ ಕಥೆ ಎನಿಸಲಿಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ನಮ್ಮ ಅಜ್ಜನ ಅಡಿಕೆ ತೋಟವೂ ಮುಳುಗಿತು. ನಾಡಿಗೆ ಬೆಳಕು ಬಂತು. ನಮ್ಮ ಮನೆಯ ಮಾತಿನಲ್ಲಿ ಮಾತ್ರ 'ಮುಳುಗಡೆಗೆ ಮೊದಲು', 'ಮುಳುಗಡೆಯ ನಂತರ' ಎಂಬ ಎರಡೇ ಕಾಲಗಳು ಉಳಿದವು.

ಇದನ್ನು ಹೇಳುತ್ತಿರುವಾಗಲೇ ಬಿಳಿತಲೆಯ ಹದ್ದೊಂದು ಪೈನ್ ಮರಗಳ ಮೇಲಿನಿಂದ ತೇಲಿ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಈ ರಾಜ್ಯದಲ್ಲಿ ಅದರ ಗೂಡುಗಳು ಇಲ್ಲವಾಗಿದ್ದವು. 1982ರಿಂದ 1988ರವರೆಗೆ ಮಿಷಿಗನ್ ಮತ್ತು ಕೆನಡಾಗಳಿಂದ 41 ಮರಿಗಳನ್ನು ಇಲ್ಲಿಗೆ ತಂದು, ಎತ್ತರದ ಅಟ್ಟಗಳಲ್ಲಿರಿಸಿ, ಮನುಷ್ಯರ ಮುಖ ಕಾಣದಂತೆ ಆಹಾರವಿತ್ತು ಬೆಳೆಸಿದರು. ಹದ್ದು ಗೂಡು ಕಟ್ಟಲು ಮರಳುವುದು ಮೊಟ್ಟೆಯೊಡೆದ ನೆಲಕ್ಕಲ್ಲ, ಮೊದಲು ರೆಕ್ಕೆ ಬಿಚ್ಚಿದ ನೆಲದ ಆಸುಪಾಸಿಗೆ. ಆ ನಂಬಿಕೆ ಫಲಿಸಿತು. 1989ರಲ್ಲಿ ಕ್ವಾಬಿನ್‌ನಲ್ಲಿ ಹದ್ದಿನ ಮರಿಗಳು ಮತ್ತೆ ಹುಟ್ಟಿದವು.

"ನಮ್ಮ ಹದ್ದು ಎಷ್ಟು ಚೆನ್ನಾಗಿದೆ!" ಎಂದಳು ಮಗಳು. ಆ 'ನಮ್ಮ' ಎಂಬ ಶಬ್ದ ನನ್ನನ್ನು ಮೊದಲು ಚುಚ್ಚಿತು. ಲಿಂಗನಮಕ್ಕಿ ಅವಳಿಗೆ ಕೇಳಿದ ಹೆಸರು, ಕ್ವಾಬಿನ್ ಕಂಡ ನೀರು. ಆದರೆ ಅವಳು ರೆಕ್ಕೆ ಬಿಚ್ಚಿದ್ದು ಇಲ್ಲಿಯೇ ಅಲ್ಲವೆ? ಈ ನೆಲವನ್ನು ತನ್ನದೆನ್ನುವ ಹಕ್ಕು ಅವಳಿಗಿದೆ. ಅಜ್ಜನ ತೋಟದ ಕಥೆ ಹೇಳುವ ಹೊಣೆ ನನಗಿದೆ. ಒಂದು ಇನ್ನೊಂದನ್ನು ಅಳಿಸಬೇಕಾಗಿಲ್ಲ.

ಆತ್ಮೀಯ ಕನ್ನಡ ಬಂಧುಗಳೇ, ಮುಂದಿನ ವಸಂತದಲ್ಲಿ ಮಕ್ಕಳನ್ನು ಕರೆದುಕೊಂಡು ನಿಮ್ಮೂರಿನ ಜಲಾಶಯದ ದಂಡೆಗೂ ಹೋಗಿರಿ. ಹಕ್ಕಿಗಳ ಹೆಸರನ್ನು ಅವರು ನಿಮಗೆ ಕಲಿಸಲಿ. ನೀರಿನ ಕೆಳಗಿನ ಊರುಗಳ ಹೆಸರನ್ನು ನೀವು ಅವರಿಗೆ ಕಲಿಸಿರಿ.